ಕಿರುಬೆರಳಿನ ಅಗಲದ ಸಂದು

ಕಳೆದ ತಿಂಗಳು ಶನಿವಾರಸಂತೆಯಲ್ಲಿ ಹಸಿಮೆಣಸಿನಕಾಯಿ ಆರಿಸುತ್ತ ಕೂತಿದ್ದಾಗ ಪಕ್ಕದಲ್ಲಿ ಜೇನು ಮಾರುವವಳು ಗೋಣಿ ಬಿಚ್ಚಿದಳು. ಬಾಟಲಿಗಳ ಜೊತೆ ಜೇನುಮೇಣದ ನಾಲ್ಕಾರು ಮುದ್ದೆಗಳೂ ಇದ್ದವು. ಬಿಸಿಲಿಗೆ ಮೆತ್ತಗಾಗಿ ವಾಸನೆ ಬಿಡುತ್ತಿದ್ದವು. ಆ ವಾಸನೆ ಮೂಗಿಗೆ ತಾಕಿದ್ದೇ ತಡ, ಕೈಯಲ್ಲಿದ್ದ ಮೆಣಸಿನಕಾಯಿಯನ್ನು ರಾಶಿಗೆ ಹಾಕಿ ಎದ್ದುಬಿಟ್ಟೆ. ಮೇಣದಿಂದ ನನಗೆ ಆಗಬೇಕಾದದ್ದು ಏನೂ ಇರಲಿಲ್ಲ. ಆದರೂ ಒಂದು ಮುದ್ದೆ ಕೊಂಡೆ.

"ಯಾಕಜ್ಜ, ಹಿಮ್ಮಡಿ ಒಡೆದಿದ್ಯಾ?" ಎಂದಳು.

ಹೌದು ಎಂದೆ. ಸುಳ್ಳು ನನಗೆ ಅಂದೂ ಸುಲಭವಾಗಿ ಬರುತ್ತಿತ್ತು, ಇಂದೂ ಬರುತ್ತದೆ.

ಅದು ಆಚಾರ್ರ ವಾಸನೆ. ನಮ್ಮ ಕಡೆ ಮರಗೆಲಸಕ್ಕೆ ಅವರದು ದೊಡ್ಡ ಹೆಸರು. ನಾನು ಟೈಲ್ಸ್ ಹಾಕುವ ಮೇಸ್ತ್ರಿ. ಹತ್ತನೇ ಕ್ಲಾಸು ಮುಗಿಸಿ, ಬೇರೇನೂ ಸಿಕ್ಕದೆ ಕರಣೆ ಹಿಡಿದವನು. ಒಂದೇ ಮನೆಯಲ್ಲಿ ನಾವಿಬ್ಬರೂ ಕೆಲಸ ಮಾಡಿದ್ದು ಒಂದೇ ಸಲ. ಊರಿನ ಸಾಹುಕಾರರೊಬ್ಬರು ಕಾಫಿ ತೋಟದ ನಡುವೆ ಹೊಸ ಮನೆ ಕಟ್ಟಿಸಿದ್ದರು. ಅವರ ಹಾಲಿಗೆ ಅರ್ಧ ಟೈಲ್ಸ್, ಅರ್ಧ ಮರ ಬೇಕೆಂದರು. ಬಾಗಿಲಿನಿಂದ ಊಟದ ಮೇಜಿನವರೆಗೆ ಬಿಳಿ ಟೈಲ್ಸು, ಅಲ್ಲಿಂದಾಚೆ ಸೋಫಾ ಹಾಕುವ ಕಡೆ ಹೆಬ್ಬಲಸಿನ ಹಲಗೆ. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಆಗ ಅದು ನಮ್ಮ ಕಡೆಗೆ ಹೊಸದು, ನೋಡುವುದಕ್ಕೆಂದೇ ಜನ ಬರುತ್ತಿದ್ದರು.

ಆಚಾರ್ರು ಕೆಲಸ ಶುರು ಮಾಡುವುದೇ ನಿಧಾನ. ವರ್ಷಗಟ್ಟಲೆ ಒಣಗಿಸಿದ ಹಲಗೆಗಳನ್ನು ತಂದವರು ಅದೇ ಹಾಲಿನೊಳಗೆ ಪೇರಿಸಿ, ಮೂರು ವಾರ ಹಾಗೇ ಬಿಟ್ಟರು. ನನಗೆ ರೇಗಿಹೋಗುತ್ತಿತ್ತು. ದಿನಾ ಆ ರಾಶಿಯನ್ನು ಸುತ್ತಿ ಬಳಸಿ ಓಡಾಡಬೇಕು.

"ಇದಕ್ಕೇನು ಸೀಮಂತ ಮಾಡ್ತೀರಾ ಆಚಾರ್ರೇ? ಬೇಗ ಹೊಡೆದು ಮುಗಿಸಬಾರ್ದಾ?"

"ಹೊಸ ಮನೆಗೆ ಬಂದ ಹೆಣ್ಣು ಕಣಯ್ಯ. ಮನೆ ಗಾಳಿ ಒಗ್ಗಲಿ, ಇರು."

ನಾನು ಟೈಲ್ಸ್ ಹಾಕಿಕೊಂಡು ಬಂದು ಮರದ ಅಂಚಿಗೆ ಮುಟ್ಟಿಸಲು ಹೋದಾಗ ಅವರು ಕಿರುಬೆರಳನ್ನು ನೆಲಕ್ಕಿಟ್ಟು ಅಡ್ಡ ಹಿಡಿದರು. "ಇಷ್ಟು ಜಾಗ ಬಿಡು. ನಿನ್ನ ಟೈಲ್ಸು ಬಿದ್ದಲ್ಲೇ ಬಿದ್ದಿರುತ್ತೆ. ನನ್ನ ಹಲಗೆ ಹಂಗಲ್ಲ, ಮಳೆಗಾಲ ಬಂದ್ರೆ ಮೈ ಬಿಡುತ್ತೆ, ಬೇಸಿಗೇಲಿ ಮೈ ಹಿಡಿಯುತ್ತೆ. ಹೊರಳೋಕೆ ಜಾಗ ಬೇಡ್ವಾ?"

"ನಿಮ್ಮ ಹಲಗೆಗೆ ಗೆದ್ದಲೂ ಹಿಡಿಯುತ್ತೆ. ನನ್ನ ಟೈಲ್ಸಿಗೆ ಹಿಡಿಯಲ್ಲ."

"ಗೆದ್ದಲಿಗೂ ರುಚಿ ಗೊತ್ತು ಮೇಸ್ತ್ರಿ. ನಿನ್ನ ಟೈಲ್ಸ್ ಯಾರು ತಿಂತಾರೆ?"

ಆ ಸಂದಿಗೆ ಅವರು ತೆಂಗಿನ ನಾರಿನ ಹಗ್ಗ ತುಂಬಿದರು. ಹಗ್ಗಕ್ಕೆ ಜೇನುಮೇಣ ಕಾಯಿಸಿ ಉಣಿಸಿ, ಹೆಬ್ಬೆರಳಲ್ಲಿ ಒತ್ತಿ ಒತ್ತಿ ಕೂರಿಸಿದರು. ಹಲಗೆ ಉಬ್ಬಿದರೆ ಹಗ್ಗ ಕುಗ್ಗುತ್ತದೆ, ಹಲಗೆ ಕುಗ್ಗಿದರೆ ಹಗ್ಗ ಹಿಗ್ಗುತ್ತದೆ, ನೀರು ಇಳಿಯುವುದಿಲ್ಲ, ಇರುವೆ ಸೇರುವುದಿಲ್ಲ. ಅದರ ಮೇಲೆ ಕೊನೆಗೆ ಒಂದು ಹಿತ್ತಾಳೆ ಪಟ್ಟಿ ಬರಬೇಕಿತ್ತು. ಇಡೀ ಹಾಲು ಎರಡು ದಿನ ಜೇನುಗೂಡಿನಂತೆ ಘಮ್ಮೆಂದಿತ್ತು...

ಇನ್ನು ನನ್ನ ಕೆಲಸದ ವಿಷಯ. ಆ ಅಂಚಿನ ಸಾಲಿನಲ್ಲಿ ನಾಲ್ಕು ಟೈಲ್ಸ್ ನಾನು ಸರಿಯಾಗಿ ಕತ್ತರಿಸಿರಲಿಲ್ಲ. ಬ್ಲೇಡು ಸವೆದಿತ್ತು, ಬದಲಾಯಿಸುವ ತಾಳ್ಮೆ ನನಗಿರಲಿಲ್ಲ. ಅಂಚು ಇಲಿ ಕಡಿದ ಹಾಗಾಗಿತ್ತು. ಸಾಲದ್ದಕ್ಕೆ ಆ ನಾಲ್ಕೂ ಒಂದು ನೂಲು ತಗ್ಗಾಗಿ ಕೂತಿದ್ದವು. ಆಚಾರ್ರು ರಸಮಟ್ಟ ಇಟ್ಟು ನೋಡಿ, "ಇವನ್ನ ಕಿತ್ತು ಹಾಕು ಮೇಸ್ತ್ರಿ, ಪಟ್ಟಿ ಕೂರಲ್ಲ" ಎಂದಿದ್ದರು. ಆಗಲಿ ಎಂದಿದ್ದೆ.

ಗೃಹಪ್ರವೇಶಕ್ಕೆ ಒಂದು ದಿನ ಉಳಿದಿತ್ತು. ಆಚಾರ್ರಿಗೆ ಅವತ್ತೇ ಬೇರೊಂದು ಮನೆಯಲ್ಲಿ ಹೆಬ್ಬಾಗಿಲು ನಿಲ್ಲಿಸುವ ಮುಹೂರ್ತ. ಬಾಗಿಲ ಚೌಕಟ್ಟು ಎತ್ತಿ ನಿಲ್ಲಿಸಿ ಪೂಜೆ ಮಾಡಿಸುವಾಗ ಅದನ್ನು ಮಾಡಿದ ಆಚಾರಿ ಇರಲೇಬೇಕು, ತಪ್ಪಿಸುವಂತಿಲ್ಲ. ಪಟ್ಟಿಯನ್ನೂ ಸ್ಕ್ರೂಗಳನ್ನೂ ನನ್ನ ಕೈಗೆ ಕೊಟ್ಟು, "ಇದೊಂದು ನೀನೇ ಕೂರಿಸಿಬಿಡು. ಸ್ಕ್ರೂ ಮರದ ಕಡೆ ಮಾತ್ರ. ಟೈಲ್ಸ್ ಕಡೆ ಸುಮ್ನೆ ಒರಗಿರಲಿ" ಎಂದು ಹೇಳಿ ಹೋದರು.

ಕೂರಿಸಿದೆ. ಕಾಲಿಟ್ಟರೆ ಪಟ್ಟಿ ಲಟಕ್ ಲಟಕ್ ಎನ್ನುತ್ತಿತ್ತು. ನನ್ನ ಇಲಿ ಕಡಿದ ಅಂಚು ಅದರ ಪಕ್ಕದಲ್ಲೇ ಹಲ್ಲು ಕಿರಿಯುತ್ತಿತ್ತು. ನಾಲ್ಕು ಟೈಲ್ಸ್ ಕಿತ್ತು ಹಾಕಲು ಹೊತ್ತಿರಲಿಲ್ಲ. ಹೊತ್ತಿರಲಿಲ್ಲ ಎಂದು ಇಷ್ಟು ವರ್ಷ ನನಗೇ ಹೇಳಿಕೊಂಡು ಬಂದಿದ್ದೇನೆ. ನಿಜವಾಗಿ ಹೊತ್ತಿತ್ತು. ಮಧ್ಯಾಹ್ನ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ. ಕೀಳುವುದನ್ನು ಸಾಹುಕಾರರು ನೋಡಿದರೆ ನನ್ನ ಕೆಲಸ ಕೆಟ್ಟದ್ದು ಗೊತ್ತಾಗುತ್ತಿತ್ತು, ಅಷ್ಟೇ.

ಹಗ್ಗವನ್ನು ಎಳೆದು ತೆಗೆದೆ. ಸಂದಿನ ಉದ್ದಕ್ಕೂ ಬಿಳಿ ಸಿಮೆಂಟ್ ತುಂಬಿದೆ. ಒಡೆದ ಅಂಚಿಗೂ ಅದನ್ನೇ ಮೆತ್ತಿ, ಮೇಲೆ ಪಟ್ಟಿ ಒತ್ತಿದೆ. ಕಲ್ಲಿನ ಹಾಗೆ ಕೂತಿತು. ಹಗ್ಗವನ್ನು ಹಿತ್ತಿಲಿಗೆ ಒಯ್ದು ಸ್ನಾನದ ಹಂಡೆಯ ಒಲೆಗೆ ತುರುಕಿದೆ. ಮೇಣ ಉರಿಯುವಾಗ ಎಂಥ ಪರಿಮಳ ಬಂತೆಂದರೆ, ಅಡಿಗೆಯವರು ಹೊರಗೆ ಬಂದು, "ಯಾರಪ್ಪ ಒಲೆಗೆ ಧೂಪ ಹಾಕಿದ್ದು?" ಎಂದು ಕೇಳಿದರು.

ಮಾರನೇ ದಿನ ಆಚಾರ್ರು ಬಿಳಿ ಪಂಚೆ ಉಟ್ಟು ಊಟಕ್ಕೆ ಬಂದರು. ಎಲ್ಲರಿಗಿಂತ ಮೊದಲು ಹೋಗಿ ಪಟ್ಟಿಯ ಮೇಲೆ ನಿಂತು, ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಅಲ್ಲಾಡಲಿಲ್ಲ. "ಟೈಲ್ಸ್ ಬದಲಾಯಿಸಿ ಹಾಕಿದ್ಯಾ? ಭೇಷ್ ಮೇಸ್ತ್ರಿ. ನಿನ್ನ ಕೈಯಿಂದ ಆಗಲ್ಲ ಅಂದ್ಕೊಂಡಿದ್ದೆ" ಎಂದು ನಾಲ್ಕು ಜನರ ಎದುರು ನನ್ನ ಬೆನ್ನು ತಟ್ಟಿದರು. ಆಗಲೂ ಹೇಳಬಹುದಿತ್ತು. ಒಂದು ಗಂಟೆಯ ಕೆಲಸ, ಬಿಡಿಸಿ ಮತ್ತೆ ಹಗ್ಗ ತುಂಬಬಹುದಿತ್ತು. ನಾನು ಪಾಯಸಕ್ಕೆ ಎಲೆ ಹರಡಿ ಕೂತೆ.

ಆಷಾಢದ ಮಳೆ ಹಿಡಿಯಿತು. ಮೂರನೇ ವಾರಕ್ಕೆ ಹಲಗೆಗಳು ನಡು ಎತ್ತಿದವು. ಆಮೆ ಬೆನ್ನಿನಂತೆ ಉಬ್ಬಿ, ಪಟ್ಟಿ ಕಿತ್ತುಕೊಂಡು, ನನ್ನ ಟೈಲ್ಸ್‌ನಲ್ಲಿ ಮೂರು ಸೀಳಿದವು. ಸಾಹುಕಾರರು ಇಬ್ಬರನ್ನೂ ಕರೆಸಿದರು. ಕೊಡೆ ಮಡಚಿ ಒಳಗೆ ಬಂದ ಆಚಾರ್ರು ನೆಲ ನೋಡಿದವರೇ ಕುಕ್ಕರಗಾಲಿನಲ್ಲಿ ಕೂತರು. ಎದ್ದ ಪಟ್ಟಿಯ ಕೆಳಗೆ ಬೆರಳು ತೂರಿಸಿ ಕೆರೆದರು. ಉಗುರು ಹೊರಗೆ ಬಂದಾಗ ಬೆಳ್ಳಗಿತ್ತು. ಅದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಅವರ ಕೊಡೆಯಿಂದ ನೀರು ಇಳಿಯುವುದನ್ನು ನೋಡುತ್ತ ನಿಂತೆ.

"ಹಸಿ ಮರ ಹಾಕಿ ನಂಗೇ ಟೋಪಿ ಹಾಕಿದ್ಯಲ್ಲೋ ಆಚಾರಿ!" ಎಂದರು ಸಾಹುಕಾರರು. ಬಹುವಚನ ಅವತ್ತೇ ಹೋಗಿತ್ತು. ಮರಗೆಲಸದವನಿಗೆ ಹಸಿ ಮರ ಹಾಕಿದ ಎನ್ನುವುದಕ್ಕಿಂತ ಕೆಟ್ಟ ಬೈಗುಳವಿಲ್ಲ. ಆಚಾರ್ರು ಬಾಯಿ ಬಿಡಲಿಲ್ಲ. ಸಾಹುಕಾರರು ನನ್ನ ಕಡೆ ತಿರುಗಿದರು. "ನೀನೇನಂತೀಯ ಮೇಸ್ತ್ರಿ? ಪಕ್ಕದಲ್ಲೇ ಇದ್ದೆಯಲ್ಲ?"

"ಮರದ ಕೆಲಸ ನಂಗೆ ಗೊತ್ತಾಗಲ್ಲ ಸಾಹುಕಾರ್ರೇ... ಸ್ವಲ್ಪ ಹಸಿ ಇತ್ತೇನೋ."

ಇಷ್ಟೇ ನಾನು ಆಡಿದ ಮಾತು. ಆಚಾರ್ರು ಉಗುರನ್ನು ಪಂಚೆಗೆ ಒರೆಸಿಕೊಂಡು ಎದ್ದರು. ಹಲಗೆಗಳನ್ನು ಕಿತ್ತುಕೊಂಡು ಹೋಗು ಎಂದರು ಸಾಹುಕಾರರು. ಎರಡು ದಿನ ಮಳೆಯಲ್ಲೇ ಕಿತ್ತು, ಜೀಪಿಗೆ ಹೇರಿಕೊಂಡು ಹೋದರು. ಇಡೀ ಹಾಲಿಗೆ ಟೈಲ್ಸ್ ಹಾಕುವ ಕೆಲಸ ನನಗೇ ಸಿಕ್ಕಿತು. ಹಾಕಿದೆ.

ಹಸಿ ಮರದ ಆಚಾರಿ ಎಂಬ ಮಾತು ಸಂತೆಯಿಂದ ಸಂತೆಗೆ ಹೋಯಿತು. ಅವರನ್ನು ಹೊಸ ಮನೆಗಳ ಕೆಲಸಕ್ಕೆ ಕರೆಯುವವರಿಲ್ಲವಾದರು. ಮೆಣಸು ಕುಯ್ಯುವ ಏಣಿ, ಗುದ್ದಲಿಯ ಕಾವು, ಇಂಥದ್ದು ಮಾಡಿಕೊಂಡಿದ್ದಾರೆ ಎಂದು ಕೇಳುತ್ತಿದ್ದೆ. ದಾರಿಯಲ್ಲಿ ದೂರದಿಂದ ಕಂಡರೆ ನಾನೇ ಅಂಗಡಿಯೊಳಗೆ ನುಗ್ಗುತ್ತಿದ್ದೆ. ನಾನಂತೂ ಚೆನ್ನಾಗಿ ದುಡಿದೆ. ಮರದ ಗೆರೆ, ಮರದ ಗಂಟು ಎಲ್ಲ ಅಚ್ಚು ಹಾಕಿದ ಟೈಲ್ಸ್ ಬಂದವು, ಅದನ್ನೂ ಎಷ್ಟೋ ಮನೆಗೆ ಹಾಕಿದೆ. ಅದಕ್ಕೆ ಸಂದೂ ಬೇಡ, ಹಗ್ಗವೂ ಬೇಡ, ಆಚಾರಿಯೂ ಬೇಡ. ನಾಲ್ಕು ವರ್ಷದ ಹಿಂದೆ ಆಚಾರ್ರು ತೀರಿಕೊಂಡರೆಂದು ತಿಳಿಯಿತು. ಮಣ್ಣಿಗೆ ಹೋಗಲಿಲ್ಲ.

ಮೇಣದ ಮುದ್ದೆ ಹಿಡಿದುಕೊಂಡು ಸಂತೆಯಿಂದ ನೇರ ಸಾಹುಕಾರರ ಮನೆಗೆ ಹೋದೆ. ಏನಾದರೂ ಆಗಲಿ, ಹೇಳಿಬಿಡಬೇಕು ಎಂದು. ಜಗುಲಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದರು. ಮೊದಲಿಂದ ಕೊನೆಯವರೆಗೆ ಹೇಳಿದೆ. ಕೈ ಮುಗಿದೆ.

"ಯಾವ ಆಚಾರಿ?" ಎಂದರು.

"ನಿಮ್ಮ ಹಾಲಿಗೆ ಹಲಗೆ ಹಾಕಿದ್ರಲ್ಲ, ಅವರು."

"ನಮ್ಮ ಹಾಲಿಗೆ ಟೈಲ್ಸ್ ಅಲ್ವೇನಯ್ಯ? ನೀನೇ ಹಾಕಿದ್ದಲ್ವಾ? ಚೆನ್ನಾಗಿದೆ, ಇವತ್ತಿಗೂ ಒಂದೂ ಎದ್ದಿಲ್ಲ."

ಮತ್ತೆ ಹೇಳಿದೆ. ಗಟ್ಟಿಯಾಗಿ ಹೇಳಿದೆ. ಅವರು ನಕ್ಕು ಕಾಫಿ ತರಿಸಿದರು. ಒಬ್ಬ ಮನುಷ್ಯನ ಹೆಸರು ಕೆಡಿಸಿದ ಬಾಯಿಗೆ ಆ ಮನುಷ್ಯನೇ ನೆನಪಿಲ್ಲ. ಲೋಟವನ್ನು ಒಯ್ದು ಒಳಗಿನ ಆ ಟೈಲ್ಸ್ ಮೇಲೆ ಕುಕ್ಕಬೇಕೆನ್ನಿಸಿತು. ಕುಡಿದು ಬಂದೆ.

ಆಚಾರ್ರ ಮನೆಗೆ ಆಟೋ ಮಾಡಿಕೊಂಡು ಹೋದದ್ದು ಆಮೇಲೆ. ಅವರ ಹೆಂಡತಿ ಬಾಗಿಲಲ್ಲೇ ಕಾಫಿ ಬೀಜ ಆರಿಸುತ್ತಿದ್ದರು. "ನಾನು ಟೈಲ್ಸ್ ಮೇಸ್ತ್ರಿ ಅಕ್ಕ" ಎಂದೆ. ಮೊರ ಪಕ್ಕಕ್ಕಿಟ್ಟು, "ಒಳಗೆ ಬನ್ನಿ" ಎಂದರು.

ಒಳಗೆ ಕಾಲಿಟ್ಟವನು ಅಲ್ಲೇ ನಿಂತೆ. ಚಿಕ್ಕ ನಡುಮನೆ. ಬಾಗಿಲ ಕಡೆ ಅರ್ಧಕ್ಕೆ ಅಗ್ಗದ ಕೆಂಪು ಟೈಲ್ಸು, ಆಚೆ ಅರ್ಧಕ್ಕೆ ಹೆಬ್ಬಲಸಿನ ಹಲಗೆ. ಆ ಹಲಗೆಗಳ ಗಂಟುಗಳು ನನಗೆ ಗುರುತಿದ್ದವು. ಮೂರು ವಾರ ಅವುಗಳನ್ನು ಸುತ್ತಿ ಓಡಾಡಿದವನಲ್ಲವೇ ನಾನು. ಎರಡರ ನಡುವೆ ಕಿರುಬೆರಳಿನ ಅಗಲ. ಅದರಲ್ಲಿ ಮೇಣದ ಹಗ್ಗ, ಮೇಲೆ ಪಟ್ಟಿ ಇಲ್ಲ, ಎಲ್ಲರಿಗೂ ಕಾಣುವಂತೆ. ಇಷ್ಟು ಮಳೆಗಾಲ ಕಳೆದರೂ ಒಂದು ಹಲಗೆ ಕೂದಲೆಳೆಯಷ್ಟೂ ಎದ್ದಿರಲಿಲ್ಲ.

"ಆ ಸಂದಿಗೆ ಸಿಮೆಂಟ್ ತುಂಬಿದ್ದು ನಾನು ಅಕ್ಕ."

"ಗೊತ್ತು" ಎಂದರು. "ಅವತ್ತೇ ಬಂದು ಉಗುರು ತೋರಿಸಿದ್ರು."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಅವರು?"

"ನಾನೂ ಅದನ್ನೇ ಕೇಳಿ ಜಗಳ ಆಡಿದ್ದೆ. ಎರಡು ದಿನ ತಡಿ, ಮೇಸ್ತ್ರಿನೇ ಹೋಗಿ ಹೇಳ್ತಾನೆ ಅಂದ್ರು. ಆಮೇಲೆ ಮಳೆ ನಿಲ್ಲಲಿ ಅಂದ್ರು. ದೀಪಾವಳಿ ಆದ್ಮೇಲೆ ಅದೂ ಅನ್ನಲಿಲ್ಲ. ಈ ನೆಲ ಹಾಕೋಕೆ ಕೂತ್ರು. ನೋಡಿದೋರಿಗೆ ಮರ ಹಸಿನೋ ಒಣಗಿದ್ದೋ ಗೊತ್ತಾಗಲಿ ಅಂತ... ಯಾರು ಬರ್ತಾರೆ ನಮ್ಮನೆಗೆ ನೆಲ ನೋಡೋಕೆ?"

ಗೋಡೆಯ ಹತ್ತಿರ ಗೇಣುದ್ದ ಹಗ್ಗ ಒಣಗಿ ಸಡಿಲವಾಗಿತ್ತು. ನಾನು ಮೇಣ ತೆಗೆದು ಕೂರಲು ಹೋದೆ. ಮಂಡಿ ಮಡಚಲಿಲ್ಲ. ಗೋಡೆ ಹಿಡಿದು ಹೇಗೋ ಕೂತರೆ ಮೇಣವೆಲ್ಲ ಸಂದು ಬಿಟ್ಟು ಹಲಗೆಗೆ ಮೆತ್ತಿತು. ನಲವತ್ತು ವರ್ಷ ನೆಲದ ಮೇಲೇ ಬದುಕಿದವನಿಗೆ ಗೇಣುದ್ದ ಸಂದು ತುಂಬಲು ಆಗಲಿಲ್ಲ. ಅಕ್ಕ ಪಕ್ಕಕ್ಕೆ ಬಂದು ಕೂತು, "ಬಿಡಿ, ನಂಗೆ ರೂಢಿ ಇದೆ" ಎಂದು ಮುದ್ದೆ ಈಸಿಕೊಂಡು, ಹೆಬ್ಬೆರಳಲ್ಲಿ ಒತ್ತಿ ಒತ್ತಿ ಕೂರಿಸಿದರು. ಥೇಟ್ ಆಚಾರ್ರ ಹಾಗೆಯೇ. ಕ್ಷಮಿಸಿದೆ ಎಂದೇನೂ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕೇಳಬೇಕಾದವರಿಗೆ ನೆನಪಿಲ್ಲ, ಕಾದವರು ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ನಮ್ಮ ಕಡೆಯವರು ಯಾರಾದರೂ ಓದಲಿ ಎಂದು. ಆಚಾರ್ರು ಹಾಕಿದ ಮರ ಹಸಿಯಾಗಿರಲಿಲ್ಲ. ನಂಬಿಕೆಯಾಗದಿದ್ದರೆ ಅವರ ಮನೆಗೆ ಹೋಗಿ ನೋಡಿ. ಮಳೆಗಾಲದಲ್ಲೇ ಹೋಗಿ.