ಒಳಗೆ ಕೂತು ನೋಡಿದ ಬಾಗಿಲು

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಒತ್ತಕ್ಷರಗಳು ಕೆಳಗಿನ ಸಾಲಿನ ಮೇಲೆ ಹೋಗಿ ಬೀಳುತ್ತವೆ. ಶಾಲೆಯನ್ನು ನಡುವೆಯೇ ಬಿಟ್ಟವಳಾದ್ದರಿಂದ ದೊಡ್ಡ ಮಾತುಗಳೂ ಬರುವುದಿಲ್ಲ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ. ಇದು ನನ್ನ ದೊಡ್ಡಮ್ಮನ ಕತೆ. ಅವಳು ಹೇಳಿದ್ದನ್ನು, ಅವಳ ಮನಸ್ಸಿನಲ್ಲಿ ಆದದ್ದನ್ನೂ ಸೇರಿಸಿ, ಜೋಪಾನವಾಗಿ ಬರೆದಿದ್ದೇನೆ.

ದೊಡ್ಡಮ್ಮ ಕೆಲಸ ಮಾಡುವುದು ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ. ಸೇರಿದಾಗ ಅವಳನ್ನು ಕೂರಿಸಿದ್ದು ಮುಂದಿನ ಮೇಜಿಗೆ. ಬಂದವರ ಚೀಟಿ ನೋಡಿ, ನೀವು ಎಡಗಡೆ ಕೋಣೆಗೆ, ನೀವು ಮಹಡಿಗೆ, ನೀವು ಇನ್ನೂ ನೀರು ಕುಡಿದು ಕೂತಿರಿ ಎಂದು ಕಳಿಸುವ ಕೆಲಸ. ಅಲ್ಲಿನ ಕಂಪ್ಯೂಟರುಗಳಿಗೆ ಕೇಬಲ್ ಎಳೆಯುವವನು ಕರೆದಾಗಲೆಲ್ಲ ಇಗೋ ಬಂದೆ ಎಂದು ಕೈಕೊಡುತ್ತಿದ್ದ. ಬೇಸತ್ತ ದೊಡ್ಡಮ್ಮ ಒಂದು ದಿನ ತಾನೇ ಮೇಜಿನ ಕೆಳಗೆ ನುಸುಳಿದಳು. ನುಸುಳಿದವಳು ಮತ್ತೆ ಆ ಕುರ್ಚಿಗೆ ಮರಳಲಿಲ್ಲ. ಅವರಿವರನ್ನು ಕೇಳಿ, ಓದಿ, ಕೆಡಿಸಿ, ಸರಿಮಾಡಿ ಕಲಿತಳು. ಕೊನೆಗೆ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿರುವ ಫೈರ್‌ವಾಲ್ ಪೆಟ್ಟಿಗೆ ಅವಳ ಕೈಗೆ ಬಂತು.

ಆ ಪೆಟ್ಟಿಗೆ ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ದೊಡ್ಡಮ್ಮನಿಗೆ ಹಿಗ್ಗು. ನಾನು ಮುಂದಿನ ಮೇಜಿನಲ್ಲಿ ಮಾಡುತ್ತಿದ್ದ ಕೆಲಸವನ್ನೇ ಅದು ಮಾಡುತ್ತದೆ ಎನ್ನುತ್ತಾಳೆ. ಇಡೀ ಕಟ್ಟಡಕ್ಕೆ ಇಂಟರ್‌ನೆಟ್ಟಿನಲ್ಲಿ ಇರುವುದು ಒಂದೇ ವಿಳಾಸ. ಒಳಗಿನ ಯಂತ್ರಗಳಿಗೆ ಬೇರೆ ಬೇರೆ ಒಳವಿಳಾಸಗಳಿವೆ, ಅವು ಹೊರಗಿನವರಿಗೆ ಕಾಣುವುದಿಲ್ಲ. ಹೊರಗಿನಿಂದ ಬಂದವರು ಕಟ್ಟಡದ ವಿಳಾಸದ ಜೊತೆಗೆ ಪೋರ್ಟ್ ಎಂಬ ಒಂದು ಸಂಖ್ಯೆಯನ್ನು ಹೇಳುತ್ತಾರೆ. ಆ ಸಂಖ್ಯೆಯನ್ನು ಕೇಳಿ ಅವರನ್ನು ಯಾವ ಯಂತ್ರದ ಹತ್ತಿರ ಕಳಿಸಬೇಕು, ಯಾರನ್ನು ಹೊಸಿಲಿನಿಂದಲೇ ಅಟ್ಟಬೇಕು ಎಂದು ಪೆಟ್ಟಿಗೆ ತೀರ್ಮಾನಿಸುತ್ತದೆ. ಅದನ್ನು ಪೆಟ್ಟಿಗೆಗೆ ಹೇಳಿಕೊಡುವ ಸಾಲುಗಳಿಗೆ ರೂಲ್ ಎನ್ನುತ್ತಾರೆ. ಚಿತ್ರಗಳನ್ನು ನೋಡಿ ವರದಿ ಬರೆಯುವ ಡಾಕ್ಟರು ಬೇರೆ ಊರಿನಲ್ಲಿ ತಮ್ಮ ಮನೆಯಲ್ಲಿ ಕೂತಿರುತ್ತಾರೆ. ಅವರಿಗೆ ಇಲ್ಲಿನ ಚಿತ್ರ ಕಾಣಬೇಕಾದರೆ ದೊಡ್ಡಮ್ಮ ಬರೆದ ರೂಲ್ ದಾಟಿಯೇ ಬರಬೇಕು.

ಎಕ್ಸ್‌ರೇ ತೆಗೆಯುವ ಒಬ್ಬರು ಅಲ್ಲಿದ್ದಾರೆ. ದಿನವಿಡೀ ‘ಉಸಿರು ಹಿಡೀರಿ, ಉಸಿರು ಬಿಡಿ’ ಎನ್ನುತ್ತಿರುವುದರಿಂದ ಅವರಿಗೆ ಉಸಿರಣ್ಣ ಎಂದೇ ಹೆಸರು. ಅವರು ದೊಡ್ಡಮ್ಮನನ್ನು ಬಾಗಿಲಮ್ಮ ಎಂದು ಕರೆಯುತ್ತಿದ್ದರು. ಬಾಯಲ್ಲಿ ಹುಸಿಕೋಪ ತೋರಿಸಿದರೂ ಒಳಗೊಳಗೆ ದೊಡ್ಡಮ್ಮನಿಗೆ ಅದು ಇಷ್ಟವಾಗಿತ್ತು.

ಓರಗಿತ್ತಿಯನ್ನು ಆ ಕೆಲಸಕ್ಕೆ ಕರೆತಂದವಳೂ ದೊಡ್ಡಮ್ಮನೇ. ಓರಗಿತ್ತಿ ಎಂದರೆ ನನ್ನ ಅಮ್ಮ. ದೊಡ್ಡಮ್ಮನ ಕಣ್ಣಿನಿಂದ ಬರೆಯುತ್ತಿರುವುದರಿಂದ ಓರಗಿತ್ತಿ ಎಂದೇ ಬರೆಯುತ್ತೇನೆ. ಮನೆಯಲ್ಲಿ ಸುಮ್ಮನೆ ಕೂತು ಯಾಕೆ ತುಕ್ಕು ಹಿಡಿಯುತ್ತೀಯ, ಬಾ, ನಾನು ಹೇಳಿಕೊಡುತ್ತೇನೆ ಎಂದು ಕೈಹಿಡಿದು ಕರೆದೊಯ್ದಳು. ಕೇಬಲ್ ತುದಿಗೆ ಪ್ಲಗ್ ಒತ್ತುವುದರಿಂದ ಹಿಡಿದು ರೂಲ್ ಬರೆಯುವವರೆಗೆ ಎಲ್ಲವನ್ನೂ ಕಲಿಸಿದಳು. ಆಗ ಅವಳ ಮನಸ್ಸು ಸ್ವಚ್ಛವಾಗಿತ್ತು. ತಾನು ಗುರು, ಅವಳು ಶಿಷ್ಯೆ. ಹಾಗೆಯೇ ಇದ್ದಿದ್ದರೆ ಯಾವ ತೊಂದರೆಯೂ ಇರಲಿಲ್ಲ.

ಆದರೆ ಓರಗಿತ್ತಿಗೆ ಕೆಲಸ ನೀರು ಕುಡಿದಷ್ಟು ಸಲೀಸಾಗಿ ಬಂತು. ಅದಕ್ಕಿಂತ ಸಲೀಸಾಗಿ ಜನ ಅವಳಿಗೆ ಹತ್ತಿರವಾದರು. ಯಾರ ಕಂಪ್ಯೂಟರ್ ಕೈಕೊಟ್ಟರೂ ನಗುತ್ತಾ ಹೋಗುತ್ತಿದ್ದಳು, ಮರಳಿ ಬರುವಾಗ ಅವರನ್ನೂ ನಗಿಸಿ ಬರುತ್ತಿದ್ದಳು. ದೊಡ್ಡಮ್ಮ ಹೋದರೆ ಮೊದಲು ಬೈಗುಳ, ಆಮೇಲೆ ರಿಪೇರಿ. ಮೊದಮೊದಲು ‘ಅಕ್ಕ ಇಲ್ವಾ, ಹಾಗಾದ್ರೆ ತಂಗೀನೇ ಕಳಿಸಿ’ ಎನ್ನುತ್ತಿದ್ದ ಉಸಿರಣ್ಣ, ಕೆಲವು ತಿಂಗಳಲ್ಲಿ ‘ತಂಗಿ ಇಲ್ವಾ’ ಎಂದಷ್ಟೇ ಕೇಳಿ, ಅಕ್ಕನನ್ನು ಕರೆಯದೆ ಹೊರಟುಬಿಡತೊಡಗಿದರು. ಬಾಗಿಲಮ್ಮ ಎಂಬ ಹೆಸರೂ ಎಲ್ಲೋ ಮಾಯವಾಯಿತು. ಮನೆಯಲ್ಲೂ ಅದೇ ಕತೆ. ದೊಡ್ಡಪ್ಪ ಊಟಕ್ಕೆ ಕೂತವರು, ‘ನಮ್ಮ ವೈಫೈ ಹೋಗಿತ್ತು ಕಣೇ, ಅವಳು ಬಂದು ಚಿಟಿಕೆ ಹೊಡೆಯೋದ್ರಲ್ಲಿ ಸರಿಮಾಡಿದ್ಲು’ ಎಂದರು. ಮರುದಿನ ದೊಡ್ಡಮ್ಮ ಬಡಿಸಿದ ಸಾರಿನಲ್ಲಿ ಉಪ್ಪೇ ಇರಲಿಲ್ಲ. ಮರೆತದ್ದಲ್ಲ, ಹಾಕಲಿಲ್ಲ ಎಂದು ನನಗೆ ಹೇಳಿದಳು.

ಹೀಗಿರುವಾಗ ಸೆಂಟರಿನ ಒಡತಿ ಡಾಕ್ಟರಮ್ಮ ಒಂದು ಸುದ್ದಿ ಹೇಳಿದರು. ಪೇಟೆಯ ಆ ತುದಿಯಲ್ಲಿ ಇನ್ನೊಂದು ಸೆಂಟರ್ ತೆರೆಯುತ್ತದೆ. ಅಲ್ಲಿನ ನೆಟ್‌ವರ್ಕ್ ಪೂರ್ತಿ ಇವರಿಬ್ಬರಲ್ಲಿ ಒಬ್ಬರ ಸುಪರ್ದಿಗೆ. ಹೊಸ ಕಟ್ಟಡ, ಹೊಸ ಪೆಟ್ಟಿಗೆ, ಮೊದಲ ಕೇಬಲಿನಿಂದಲೇ ತನ್ನ ಇಷ್ಟದಂತೆ ಕಟ್ಟುವ ಅವಕಾಶ. ದೊಡ್ಡಮ್ಮನಿಗೆ ಅದು ತನ್ನದೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಅದೇ ವಾರ ತಲೆ ಸ್ಕ್ಯಾನ್ ಮಾಡುವ ಹೊಸ ಯಂತ್ರ ಬಂತು, ಅದರ ಚಿತ್ರಗಳನ್ನು ಆ ಬೇರೆ ಊರಿನ ಡಾಕ್ಟರಿಗೆ ತಲುಪಿಸುವ ರೂಲನ್ನು ಬರೆಯಲು ಡಾಕ್ಟರಮ್ಮ ಓರಗಿತ್ತಿಗೆ ಹೇಳಿದರು. ಅವಳ ಕೈಚಳಕ ನೋಡೋಣ ಎಂದರು. ದೊಡ್ಡಮ್ಮನಿಗೆ ಇದನ್ನು ಸಹಿಸಲಾಗಲಿಲ್ಲ. ತನ್ನ ಕೋಣೆ, ತನ್ನ ಪೆಟ್ಟಿಗೆ, ಅದರ ಮುಂದೆ ತಾನು ಕೂರುವ ಸ್ಟೂಲು. ಅದರ ಮೇಲೆ ಅವಳು ಕೂತಿದ್ದಾಳೆ. ದೊಡ್ಡಮ್ಮ ಕೆಲಸವಿಲ್ಲದಿದ್ದರೂ ಆ ಬಾಗಿಲ ಮುಂದೆ ಅಡ್ಡಾಡಿದಳು.

ಓರಗಿತ್ತಿ ಹೊಸ ಯಂತ್ರಕ್ಕೆ ಒಂದು ಕಾಯಂ ಒಳವಿಳಾಸ ಕೊಟ್ಟಳು, ಅದಕ್ಕೆ ಹೊರಗಿನಿಂದ ಬರಲು ಒಂದು ಪೋರ್ಟ್ ಗುರುತಿಸಿದಳು, ರೂಲ್ ಬರೆದಳು. ಆಮೇಲೆ ಮೊಬೈಲ್ ಹಿಡಿದು ರಸ್ತೆಗೆ ಹೋಗಿ ಬಂದಳು. ದೊಡ್ಡಮ್ಮನಿಗೆ ಅದು ಕಂಡರೂ ಯಾಕೆಂದು ಹೊಳೆಯಲಿಲ್ಲ. ಗಾಳಿ ಕುಡಿಯಲು ಹೋಗಿದ್ದಾಳೆ ಮಹಾರಾಣಿ ಎಂದುಕೊಂಡಳು.

‘ಆಯ್ತು ಅಕ್ಕ’ ಎಂದು ಓರಗಿತ್ತಿ ಊಟದ ಡಬ್ಬಿ ಬಿಚ್ಚಿದಳು.

ಇಷ್ಟು ಬೇಗ ಆಗಿರಲಿಕ್ಕೇ ಸಾಧ್ಯವಿಲ್ಲ ಎಂದು ದೊಡ್ಡಮ್ಮನಿಗೆ ಅನಿಸಿತು. ಆಗಿರಬಾರದು ಎಂದೂ ಅನಿಸಿತು. ತನ್ನ ಮೇಜಿನ ಕಂಪ್ಯೂಟರಿನಲ್ಲಿ ಕಟ್ಟಡದ ಹೊರವಿಳಾಸವನ್ನು, ಮುಂದೆ ಹೊಸ ಪೋರ್ಟನ್ನು ಬರೆದು ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಯಂತ್ರದ ಚಿತ್ರಗಳ ಪುಟ ತೆರೆಯಲಿಲ್ಲ. ಇನ್ನೊಮ್ಮೆ ಒತ್ತಿದಳು, ತೆರೆಯಲಿಲ್ಲ. ಮೊಬೈಲಿನಲ್ಲೂ ನೋಡಿದಳು, ಅದರಲ್ಲೂ ಇಲ್ಲ. ದೊಡ್ಡಮ್ಮನಿಗೆ ಅಷ್ಟು ಖುಷಿ ಎಷ್ಟೋ ದಿನದಿಂದ ಆಗಿರಲಿಲ್ಲ.

ನೇರ ಡಾಕ್ಟರಮ್ಮನ ಕೋಣೆಗೆ ಹೋದಳು. ಅಲ್ಲಿ ಉಸಿರಣ್ಣನೂ ಇದ್ದರು. ಓರಗಿತ್ತಿಯನ್ನು ಕರೆಸಿ, ಎಲ್ಲರ ಮುಂದೆ, ರೂಲ್ ತಪ್ಪಾಗಿದೆ, ಪುಟ ತೆರೆಯುತ್ತಿಲ್ಲ ಎಂದಳು. ನಾನು ನೋಡಿದಾಗ ತೆರೆಯಿತಲ್ಲ ಎಂದು ಓರಗಿತ್ತಿ ಮೆಲ್ಲಗೆ ಅಂದಳು.

‘ಹಾಗಾದ್ರೆ ನನ್ನ ಕಣ್ಣು ಕುರುಡಾ?’ ಎಂದಳು ದೊಡ್ಡಮ್ಮ. ‘ಕಲಿಸಿದವಳಿಗೇ ಕಲಿಸೋಕೆ ಬರ್ತೀಯಲ್ಲ.’

ಓರಗಿತ್ತಿ, ಅಕ್ಕ ಹೇಳಿದ ಮೇಲೆ ನನ್ನದೇ ತಪ್ಪಿರಬೇಕು ಎಂದುಕೊಂಡಳಂತೆ. ಎಲ್ಲಿಂದ ನೋಡಿದೆ ಎಂದು ಅವಳನ್ನು ದೊಡ್ಡಮ್ಮ ಕೇಳಲಿಲ್ಲ. ನೀವು ಎಲ್ಲಿಂದ ನೋಡಿದಿರಿ ಎಂದು ಕೇಳಲು ಓರಗಿತ್ತಿಗೆ ಧೈರ್ಯ ಸಾಲಲಿಲ್ಲ.

ದೊಡ್ಡಮ್ಮ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಓರಗಿತ್ತಿಯ ರೂಲ್ ಅಳಿಸಿ ತಾನೇ ಬರೆದಳು. ಎದ್ದು ಹೋಗಿ ಮೇಜಿನಿಂದ ನೋಡಿದಳು, ತೆರೆಯಲಿಲ್ಲ. ಪೋರ್ಟ್ ಬದಲಿಸಿದಳು, ತೆರೆಯಲಿಲ್ಲ. ಹೊಸ ಯಂತ್ರದ ಒಳವಿಳಾಸವನ್ನೇ ಬದಲಿಸಿದಳು, ಆಗಲೂ ಇಲ್ಲ. ಕೇಬಲ್ ಕಿತ್ತು ಬೇರೆ ಹಾಕಿದಳು. ಬಾಗಿಲಲ್ಲಿ ಉಸಿರಣ್ಣ ಇಣುಕಿ, ಉಸಿರು ಬಿಡಿ ಅಕ್ಕ ಎಂದರು. ಆ ತಮಾಷೆ ಉರಿಯುವ ಬೆಂಕಿಗೆ ಎಣ್ಣೆ ಸುರಿಯಿತು. ದೊಡ್ಡಮ್ಮ ಹಿಂದೆಮುಂದೆ ನೋಡದೆ ಪೆಟ್ಟಿಗೆಯನ್ನೇ ಆರಿಸಿ ಮತ್ತೆ ಹಚ್ಚಿದಳು.

ಅದು ಏಳುವಷ್ಟರಲ್ಲಿ ಮುಂದಿನ ಮೇಜಿನ ಫೋನು ಹೊಡೆದುಕೊಂಡಿತು. ಚಿತ್ರ ಓದುವ ಡಾಕ್ಟರು. ಡಾಕ್ಟರಮ್ಮ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದರು.

‘ಏನಾಯ್ತಮ್ಮ ಅಲ್ಲಿ? ಹೊಸ ಮಷೀನಿನ ಚಿತ್ರ ಊಟಕ್ಕೆ ಮುಂಚೆ ಚೆನ್ನಾಗಿ ಬರ್ತಿತ್ತು. ಬಿದ್ದು ತಲೆಗೆ ಪೆಟ್ಟಾದ ಮಗೂದು ನೋಡ್ತಾ ಇದ್ದೆ, ಅರ್ಧದಲ್ಲೇ ಹೋಯ್ತು. ಈಗ ಹಳೇ ಮಷೀನುಗಳೂ ಇಲ್ಲ.’

ಆ ಮಗು ಹೊರಗೆ ಬೆಂಚಿನ ಮೇಲೆ ತಾಯಿಯ ತೊಡೆಯಲ್ಲಿ ಮಲಗಿತ್ತು. ದೊಡ್ಡಮ್ಮ ಅದನ್ನೊಮ್ಮೆ ನೋಡಿದಳು. ಚಿತ್ರ ಬರ್ತಿತ್ತು ಎಂದರು ಡಾಕ್ಟರು. ಅಂದರೆ ಓರಗಿತ್ತಿಯ ರೂಲ್ ಸರಿಯಾಗಿತ್ತು.

ಆಗ ಅವಳಿಗೆ ತನ್ನ ಕುರ್ಚಿ ಕಂಡಿತು. ತಾನು ಕಟ್ಟಡದ ಒಳಗೆ ಕೂತು ಹೊರಗಿನ ಬಾಗಿಲು ತಟ್ಟಿದ್ದಳು. ಅಲ್ಲಿನ ಪೆಟ್ಟಿಗೆಯಲ್ಲಿ ಅದು ನಡೆಯುವುದಿಲ್ಲ. ಒಳಗಿನ ಕಂಪ್ಯೂಟರ್ ಹೊರವಿಳಾಸವನ್ನು ಕೇಳುತ್ತದೆ, ಪೆಟ್ಟಿಗೆ ಆ ಮಾತನ್ನು ಒಳಗಿನ ಯಂತ್ರಕ್ಕೆ ತಿರುಗಿಸುತ್ತದೆ. ಕೇಳಿದವರು ಪಕ್ಕದಲ್ಲೇ ಇದ್ದಾರೆಂದು ಆ ಯಂತ್ರ ಪೆಟ್ಟಿಗೆಯನ್ನು ಬಿಟ್ಟು ನೇರವಾಗಿ, ತನ್ನ ಒಳವಿಳಾಸದಿಂದ ಉತ್ತರ ಕೊಡುತ್ತದೆ. ನಾನು ಕೇಳಿದ್ದು ಅವರನ್ನು, ನೀನ್ಯಾರು ಎಂದು ಕಂಪ್ಯೂಟರ್ ಆ ಉತ್ತರವನ್ನು ತಳ್ಳಿಬಿಡುತ್ತದೆ. ರೂಲ್ ಎಷ್ಟೇ ಸರಿಯಿದ್ದರೂ ಒಳಗಿನಿಂದ ಚಕ್ರ ತಿರುಗುತ್ತಲೇ ಇರುತ್ತದೆ. ಅದಕ್ಕೇ ವೈಫೈ ಆರಿಸಿ, ರಸ್ತೆಗೆ ಹೋಗಿ, ಮೊಬೈಲಿನ ಸ್ವಂತ ಇಂಟರ್‌ನೆಟ್ಟಿನಿಂದ ನೋಡಬೇಕು. ಇದನ್ನು ಓರಗಿತ್ತಿಗೆ ಕಲಿಸಿದವಳು ದೊಡ್ಡಮ್ಮನೇ. ತಾನು ಮೊಬೈಲಿನಲ್ಲಿ ನೋಡಿದಾಗಲೂ ಅದು ಸೆಂಟರಿನ ವೈಫೈಯಲ್ಲೇ ಇತ್ತು. ಹೊಟ್ಟೆಕಿಚ್ಚು ಅಷ್ಟನ್ನೂ ಸುಟ್ಟುಹಾಕಿತ್ತು.

ಮತ್ತೆ ಸರಿಮಾಡಬೇಕೆಂದರೆ ತಾನು ಏನೇನು ಬದಲಿಸಿದೆ ಎಂಬುದೇ ಅವಳಿಗೆ ನೆನಪಿರಲಿಲ್ಲ. ಓರಗಿತ್ತಿ ಬಂದು ಸ್ಟೂಲಿನ ಮೇಲೆ ಕೂತಳು. ಕೆಲಸ ಮುಗಿದ ಕೂಡಲೇ ಪೆಟ್ಟಿಗೆಯ ಎಲ್ಲ ರೂಲುಗಳನ್ನೂ ಒಂದು ಪ್ರತಿ ತೆಗೆದಿಟ್ಟಿದ್ದಳು, ಅದನ್ನು ಮರಳಿ ಹಾಕಿದಳು. ಹೊಸ ಯಂತ್ರದ ಒಳವಿಳಾಸವನ್ನೂ ಮೊದಲಿನಂತೆ ಮಾಡಿದಳು. ಪ್ರತಿ ತೆಗೆದಿಡುವ ಆ ಅಭ್ಯಾಸವನ್ನು ದೊಡ್ಡಮ್ಮ ಕಲಿಸಿರಲಿಲ್ಲ. ಅಂಥ ಹೊತ್ತಿನಲ್ಲೂ, ಇದು ನನಗೇಕೆ ಹೊಳೆಯಲಿಲ್ಲ ಎಂದು ಒಳಗೆ ಚುಳ್ಳೆಂದಿತು.

‘ಅಕ್ಕ, ಒಂದ್ಸಲ ನೀವೇ ಆಚೆ ಹೋಗಿ ನೋಡ್ತೀರಾ?’ ಎಂದಳು ಓರಗಿತ್ತಿ.

ಅದು ಮರ್ಯಾದೆಗೆ ಹೇಳಿದ್ದೋ ಚುಚ್ಚಿ ಹೇಳಿದ್ದೋ ದೊಡ್ಡಮ್ಮನಿಗೆ ಇವತ್ತಿಗೂ ಗೊತ್ತಾಗಿಲ್ಲ. ಅಮ್ಮನನ್ನು ಕೇಳಿದರೆ ಅಮ್ಮ ನಗುತ್ತಾಳೆ.

ದೊಡ್ಡಮ್ಮ ರಸ್ತೆಗೆ ಹೋದಳು. ನಿಲ್ಲಿಸಿದ್ದ ಗಾಡಿಗಳ ನಡುವೆ ನಿಂತು, ವೈಫೈ ಆರಿಸಿ, ವಿಳಾಸ ಬರೆದಳು. ಪುಟ ತಟ್ಟನೆ ತೆರೆದು ಹೆಸರು, ಪಾಸ್‌ವರ್ಡ್ ಕೇಳಿತು. ಅಷ್ಟು ಬೇಗ ತೆರೆದದ್ದಕ್ಕೂ ಅವಳ ಹೊಟ್ಟೆ ಉರಿಯಿತು. ಕಣ್ಣು ಒರೆಸಿಕೊಂಡು ಒಳಗೆ ಬಂದಳು.

ಮಗುವಿನ ತಲೆಗೆ ಏನೂ ಆಗಿಲ್ಲ ಎಂದು ವರದಿ ಬಂದು, ತಾಯಿ ಅದನ್ನು ಎತ್ತಿಕೊಂಡು ಹೋದ ಮೇಲೆ ಡಾಕ್ಟರಮ್ಮ ಇಬ್ಬರನ್ನೂ ಕರೆದರು. ಏನಾಯಿತೆಂದು ಕೇಳಿದರು. ಪೆಟ್ಟಿಗೆ ಕೈಕೊಟ್ಟಿತು ಎಂದು ಹೇಳಬಹುದಿತ್ತು. ಓರಗಿತ್ತಿ ಹಾಗೆಯೇ ಹೇಳಲು ಬಾಯಿ ತೆರೆದಿದ್ದಳು. ಅವಳು ತನ್ನನ್ನು ಕಾಪಾಡುವುದನ್ನು ಮಾತ್ರ ದೊಡ್ಡಮ್ಮನಿಂದ ತಡೆದುಕೊಳ್ಳಲಾಗಲಿಲ್ಲ.

‘ಅವಳು ಬರೆದದ್ದು ಸರಿಯಿತ್ತು ಮೇಡಂ. ನಾನು ಒಳಗೆ ಕೂತು ನೋಡಿ ತಪ್ಪು ಅಂದೆ. ಅವಳದ್ದು ತಪ್ಪಾಗ್ಲಿ ಅಂತ ಆಸೆ ಇತ್ತು ನನಗೆ. ಹೊಸ ಸೆಂಟರಿಗೆ ಅವಳನ್ನೇ ಕಳಿಸಿ.’

ಇದನ್ನು ನನಗೆ ಹೇಳುವಾಗ ನನ್ನ ಮುಖದಲ್ಲಿ ಮೆಚ್ಚುಗೆ ಕಂಡಿರಬೇಕು, ದೊಡ್ಡಮ್ಮ ತಡೆದಳು. ‘ಹೂವು ಏರಿಸ್ಬೇಡ ನನಗೆ. ಅರ್ಧ ನ್ಯಾಯಕ್ಕೆ ಅಂದೆ. ಇನ್ನರ್ಧ, ಅವಳು ಅತ್ಲಾಗೆ ಹೋದ್ರೆ ನನ್ನ ಪೆಟ್ಟಿಗೆ ನನಗೇ ಉಳಿಯತ್ತಲ್ಲ, ಅದಕ್ಕೆ.’

ಓರಗಿತ್ತಿ ಹೊಸ ಸೆಂಟರಿಗೆ ಹೋದಳು. ಮೆಟ್ಟಿಲ ಕೆಳಗಿನ ಕೋಣೆ ಮತ್ತೆ ದೊಡ್ಡಮ್ಮನೊಬ್ಬಳದೇ ಆಯಿತು. ಆದರೆ ಒಂದು ಕಡೆಯ ಚಿತ್ರ ಇನ್ನೊಂದು ಕಡೆಗೂ ಕಾಣಲೆಂದು ಎರಡು ಸೆಂಟರುಗಳ ಪೆಟ್ಟಿಗೆಗಳನ್ನು ಜೋಡಿಸಿದರು. ಎರಡು ಕಡೆ ಒಂದೇ ಒಳವಿಳಾಸ ಇದ್ದರೆ ಯಾರ ಮಾತು ಯಾರಿಗೋ ಹೋಗುತ್ತದೆ. ಹಾಗಾಗಿ ಯಾವ ಯಂತ್ರಕ್ಕೆ ಯಾವ ಸಂಖ್ಯೆ ಎಂದು ಅವರಿಬ್ಬರೂ ಮಾತಾಡಿಕೊಳ್ಳದೆ ವಿಧಿಯಿಲ್ಲ. ಒಂದೇ ಮನೆಯಲ್ಲಿ ಮುಖ ತಿರುಗಿಸಿಕೊಂಡು ಓಡಾಡಿದ ದಿನಗಳಲ್ಲೂ ಕೆಲಸದ ಹೊತ್ತಿನಲ್ಲಿ ಫೋನು ಮಾಡಿ ಸಂಖ್ಯೆ ಹೊಂದಿಸಿಕೊಳ್ಳುತ್ತಿದ್ದರು. ಓರಗಿತ್ತಿಯ ಹೊಸ ಪೆಟ್ಟಿಗೆಯಲ್ಲಿ ಒಳಗೆ ಕೂತು ನೋಡಿದರೂ ಪುಟ ತೆರೆಯುತ್ತದಂತೆ. ಅದನ್ನು ಹೇಳುವಾಗ ದೊಡ್ಡಮ್ಮನ ಮುಖ ನೋಡಬೇಕಿತ್ತು. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದೆ. ಎಲ್ಲಿ ಹೋಗತ್ತೆ, ದಿನಾ ಅದಕ್ಕೆ ಊಟ ಹಾಕ್ತಾ ಇದ್ದೀನಲ್ಲ ಎಂದಳು.

ಇದನ್ನು ನಾಳೆ ಮೊದಲು ದೊಡ್ಡಮ್ಮನಿಗೆ ಓದಿ ಹೇಳುತ್ತೇನೆ. ಅವಳು ಬೇಡವೆಂದ ಸಾಲುಗಳನ್ನು ಹೊಡೆದುಹಾಕಿ, ಆಮೇಲೆ ಅಮ್ಮನ ಕೈಗೆ ಕೊಡುತ್ತೇನೆ.