ಪಲ್ಲಂಗದ ಮೇಲಿನ ಗಿಳಿಗಳು

ದಾಳಿಂಬ ಎಂಬ ಊರಿನ ಅಂಬಾದಾಸ ಜೀನಗಾರ ಅಂದರೆ ಉಮರ್ಗಾದಿಂದ ಉದಗೀರದವರೆಗೆ ವ್ಯಾಪಾರಿ ವಾಣಿಗರ ಮನೆಗಳಲ್ಲಿ ಗೊತ್ತಿದ್ದ ಹೆಸರು. ಮದುವೆಯ ಪಲ್ಲಂಗ, ತೊಟ್ಟಿಲು, ಕಪಾಟು, ದೇವರ ಕೋಣೆಯ ಗೋಡೆ, ಎಲ್ಲದರ ಮೇಲೂ ಚಿತ್ರ ಬರೆಯಲು ಅವನ ಕೈಯೇ ಆಗಬೇಕೆಂದು ಕಾಯುವವರಿದ್ದರು. ಅವನ ಹೆಂಡತಿ ದ್ರೌಪದಿ ಹುಲಸೂರ ಕಡೆಯವಳು. ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ಅವಳ ಮುಂದೆ ಬಣ್ಣ ಅರೆಯುವ ಕಲ್ಲು ತಂದಿಟ್ಟಿದ್ದಳು. ಅರೆಯುವುದು, ಸೋಸುವುದು, ಗಂಡ ಗೆರೆ ಎಳೆದು ಬಿಟ್ಟ ಕಡೆ ಬಣ್ಣ ತುಂಬುವುದು, ಇಷ್ಟು ಅವಳ ಪಾಲಿನ ಕೆಲಸ. ಆ ವಾಸನೆ ಅವಳಿಗೆ ಎಂದೂ ಒಗ್ಗಲಿಲ್ಲ. ಉಣ್ಣಲು ಕುಳಿತರೆ ರೊಟ್ಟಿಯಲ್ಲೂ ಟರ್ಪಂಟೈನ್ ಮೂಗಿಗೆ ಹೊಡೆಯುತ್ತಿತ್ತು.

ಎಪ್ಪತ್ತೆರಡರ ಬರದಲ್ಲಿ ಆ ಕೆಲಸವೂ ನಿಂತಿತು. ಹಿಂದಿನ ವರ್ಷವೂ ಮಳೆ ಕೈಕೊಟ್ಟಿತ್ತು. ರೇಷನ್ನಿನ ಕೆಂಪು ಜೋಳಕ್ಕೆ ಊರಿಗೆ ಊರೇ ಸಾಲು ನಿಂತಿರುವಾಗ ಪಲ್ಲಂಗಕ್ಕೆ ಬಣ್ಣ ಹೊಡೆಸುವವರು ಯಾರು? ಗಂಡಹೆಂಡತಿ ಇಬ್ಬರೂ ಸರಕಾರದ ರಸ್ತೆ ಕೆಲಸಕ್ಕೆ ಖಡಿ ಒಡೆಯಲು ಹೋದರು. ತಲೆಯ ಮೇಲೆ ಹರಕು ಸೀರೆ ಹೊದ್ದು, ಬಿಸಿಲಲ್ಲಿ ಕುಳಿತು, ದೊಡ್ಡ ಕಲ್ಲನ್ನು ಚಿಕ್ಕದು ಮಾಡುವ ಕೆಲಸ. ಅಂಬಾದಾಸನಿಗೆ ಸುತ್ತಿಗೆ ಹಿಡಿಯುವ ರೂಢಿಯಿರಲಿಲ್ಲ. ಒಂದು ಮಧ್ಯಾಹ್ನ ಕಲ್ಲು ಜಾರಿತು, ಪಕ್ಕದವನ ಸುತ್ತಿಗೆ ಇವನ ಬಲಗೈ ಹೆಬ್ಬೆರಳಿನ ಮೇಲೆ ಬಿತ್ತು. ವಲಾಂಡಿಯಲ್ಲಿ ಎಲುಬು ಕೂಡಿಸುವವನೊಬ್ಬನಿದ್ದ. ಅವನು ಬಿದಿರಿನ ಚಕ್ಕೆ ಇಟ್ಟು ಕಟ್ಟು ಹಾಕಿದ. ಕಟ್ಟು ಬಿಚ್ಚಿದಾಗ ಗಾಯ ಮಾಯ್ದಿತ್ತು, ಆದರೆ ಬೆರಳು ಮಡಚಲಿಲ್ಲ. ಕುಂಚ ಹಿಡಿದರೆ ಜಾರಿ ಬೀಳುತ್ತಿತ್ತು. ಅಂಬಾದಾಸ ಕುಂಚಗಳನ್ನೆಲ್ಲ ಒರೆಸಿ ಅರಿವೆಯಲ್ಲಿ ಸುತ್ತಿ ಜಂತಿಗೆ ಸಿಗಿಸಿದ.

ಅಂಥದರಲ್ಲಿ ನಿಲಂಗಾದಿಂದ ಕರೆ ಬಂತು. ಅರಿವೆ ವ್ಯಾಪಾರಿ ವಿಶ್ವನಾಥಪ್ಪನವರ ಮಗಳ ಮದುವೆ. ಪಲ್ಲಂಗಕ್ಕೂ ಅದರ ಹಿಂದಿನ ಗೋಡೆಗೂ ಚಿತ್ರ ಬೇಕಿತ್ತು. ಅಂಬಾದಾಸ ಬರುತ್ತೇನೆಂದು ಹೇಳಿ ಕಳಿಸಿಬಿಟ್ಟ. ಆಮೇಲೆ ಹೆಂಡತಿಗೆ ತಿಳಿಸಿದ.

"ಹೆಂಗ ಬರಬೇಕಂತ ನಾ ಹೇಳ್ತೀನಿ. ಗೆರಿ ನೀ ಎಳಿ."

"ನನಗ ಬರಂಗಿಲ್ರಿ."

"ಖಡಿ ಒಡಿಯೋದು ಬರ್ತಿತ್ತೇನು?"

ಕಲ್ಲು ಒಡೆದೊಡೆದು ದ್ರೌಪದಿಯ ರಟ್ಟೆಗಳು ಸೋತು ಹೋಗಿದ್ದವು. ಚಿತ್ರ ಬರೆಯುವ ಹುಮ್ಮಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ. ನಾಲ್ಕು ದಿನ ನೆರಳಲ್ಲಾದರೂ ಕುಳಿತಿರಬಹುದು ಎಂದುಕೊಂಡು ಹೊರಟಳು.

ವಿಶ್ವನಾಥಪ್ಪನವರ ಮನೆಯ ಹಿತ್ತಿಲಲ್ಲಿ ಇವರಿಗೆ ಇಳಿದುಕೊಳ್ಳಲು ಜಾಗ ಮಾಡಿಕೊಟ್ಟರು. ಕುಂಚ ಯಾರ ಕೈಯಲ್ಲಿದೆ ಎಂಬುದನ್ನು ಮನೆಯೊಡತಿ ಕುಸುಮಬಾಯಿ ಮೊದಲ ದಿನವೇ ಕಂಡಳು. ಏನೂ ಕೇಳದೆ ಚಹಾ ಕಳಿಸಿದಳು. ಗೋಡೆಯ ಕೆಲಸ ಹೇಗೋ ಸಾಗಿತು. ಅಂಬಾದಾಸ ಹಿಂದೆ ನಿಂತು "ಬಳ್ಳಿ ಇನ್ನಷ್ಟು ಬಾಗಲಿ, ಎಲಿ ದೊಡ್ಡವಾದವು" ಎನ್ನುತ್ತಿದ್ದ. ಅವಳು ಹೇಳಿದಷ್ಟು ಮಾಡುತ್ತಿದ್ದಳು.

ತೊಡಕಾದದ್ದು ಪಲ್ಲಂಗದ ತಲೆಹಲಗೆಯ ಗಿಳಿಗಳಲ್ಲಿ. ಅಂಬಾದಾಸನ ಗಿಳಿಗಳು ಕತ್ತು ಕೊಂಕಿಸಿ ಪಕ್ಕಕ್ಕೆ ನೋಡುತ್ತಿದ್ದವು, ಒಂದೇ ಕಣ್ಣು ಕಾಣುತ್ತಿತ್ತು. ದ್ರೌಪದಿಗೆ ಆ ಕೊಂಕು ಏನು ಮಾಡಿದರೂ ಹಿಡಿತಕ್ಕೆ ಬರಲಿಲ್ಲ. ಅವಳ ಗಿಳಿಗಳು ದಪ್ಪ ಕುತ್ತಿಗೆ ಹೊತ್ತು, ಎರಡೂ ಕಣ್ಣು ಬಿಟ್ಟು ನೆಟ್ಟಗೆ ಎದುರಿಗೆ ನೋಡಿದವು.

"ಇವೇನು ಗಿಳೀನೋ, ಗೂಗೀನೋ?" ಎಂದು ಅಂಬಾದಾಸ ಹೊರಗೆ ಹೋದ.

ಮರುದಿನ ಬೆಳಿಗ್ಗೆ ನೋಡಿದರೆ ಹಲಗೆಯ ಮೇಲೆ ಗಿಳಿಗಳಿರಲಿಲ್ಲ. ಹಸಿರು ಕಲೆಯೊಂದು ಉಳಿದಿತ್ತು, ಸೀಮೆ ಎಣ್ಣೆಯ ನಾತ ಬರುತ್ತಿತ್ತು. ದ್ರೌಪದಿ ಗಂಡನ ಅಂಗೈ ನೋಡಿದಳು. ಗೆರೆಗಳಲ್ಲಿ ಹಸಿರು ಕೂತಿತ್ತು. ಅವಳು ಮತ್ತೆ ಬರೆದಳು. ಅವನು ಮತ್ತೆ ಒರೆಸಿದ. ಆಮೇಲಿನ ಸಲವೂ ಹಾಗೇ ಆದಾಗ ಅವಳು ನೆಲದ ಮೇಲೆ ಕುಳಿತುಬಿಟ್ಟಳು. ಕುಸುಮಬಾಯಿ ಬಾಗಿಲಲ್ಲಿ ಬಂದು ನಿಂತಳು.

"ನಿನ್ನ ಗಂಡನೇ ಒರಸ್ಯಾನ. ನಾ ನೋಡೀನಿ."

"ಗೊತ್ತದರಿ."

"ಮತ್ತ ಯಾಕಂತ ಕೇಳಬಾರದೇನು?"

"ಕೇಳಾಕ ತ್ರಾಣ ಇಲ್ರಿ, ಅವ್ವಾರ."

ಕುಸುಮಬಾಯಿ ಒಳಗೆ ಹೋದಳು. ದ್ರೌಪದಿ ಎದ್ದು, ಕುಂಚವನ್ನು ಹಸಿರಲ್ಲಿ ಅದ್ದಿ, ಹಿತ್ತಿಲಿಗೆ ಹೋದಳು. ಅಂಬಾದಾಸ ಬೇವಿನ ಕೆಳಗೆ ಕೂತಿದ್ದ.

"ನೀವ ಬರೀರಿ," ಎಂದಳು.

"ಬೆರಳು ಕಾಣಂಗಿಲ್ಲೇನು ನಿನಗ?"

"ಎಡಗೈಲೆ ಬರೀರಿ. ಆದಂಗ ಆಗಲಿ. ದಿನಾ ಒಂದಾ ಹಲಿಗಿ ಬರಿಯಾಕ ನನ್ನಿಂದ ಆಗೂದಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನೂ ಏರಿ ಮಾತಾಡುತ್ತಿದ್ದನೇನೋ. ಎದ್ದು ಒಳಗೆ ಬಂದ. ಬಿಸಿಲು ಇಳಿಯುವ ತನಕ ಹಲಗೆಯ ಮುಂದೆ ಕೂತು ಎಡಗೈಯಿಂದ ಒಂದು ಗಿಳಿ ಬರೆದ. ಹಣೆಯ ಬೆವರು ಗಲ್ಲದಿಂದ ಇಳಿದು ಅಂಗಿ ತೊಯ್ದಿತ್ತು. ಗಿಳಿಯ ಕೊಕ್ಕು ಸೊಟ್ಟಗಾಯಿತು, ರೆಕ್ಕೆ ಮೈಗೆ ಕೂಡಲಿಲ್ಲ. ಅವನು ಅದನ್ನು ಬಹಳ ಹೊತ್ತು ನೋಡುತ್ತ ಕೂತ. ದ್ರೌಪದಿ ಗೋಡೆಗೆ ಒರಗಿದ್ದಳು. ಚಲೋ ಅದ ಎಂದು ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ, ಕೆಟ್ಟದಾಗ್ಯದ ಎನ್ನಲು ಮನಸ್ಸು ಬರಲಿಲ್ಲ.

ಅಂಬಾದಾಸ ತಾನೇ ಅರಿವೆ ತೆಗೆದುಕೊಂಡು ಅದನ್ನು ಒರೆಸಿದ.

"ನಿಂದ ಬರಿ," ಎಂದ. ಬಾಗಿಲ ತನಕ ಹೋಗಿ ತಿರುಗಿದ. "ಕಣ್ಣು ಸಣ್ಣವು ಮಾಡು. ಅಷ್ಟ ಮಾಡು ಸಾಕು."

ಅವಳು ಕಣ್ಣು ಸಣ್ಣವು ಮಾಡಿದಳು. ಬರೆಯುತ್ತಿರುವಾಗ ಹೊರಗಿನಿಂದ ಅವನು ಎಡಗೈಯಲ್ಲೇ ಪಲ್ಲಂಗದ ಬಿಚ್ಚಿಟ್ಟ ಕಾಲುಗಳನ್ನು ಉರುಟು ಕಾಜಿನ ಕಾಗದ ಹಾಕಿ ತಿಕ್ಕಿ ನುಣುಪು ಮಾಡುವ ಸಪ್ಪಳ ಕೇಳುತ್ತಿತ್ತು. ಮದುವೆಯ ಹುಡುಗಿ ಸುಗಂಧಾ ಬಂದು ಹಲಗೆ ನೋಡಿ, "ಅವ್ವಾ, ಇವು ನನ್ನ ಕಡೀಗೇ ನೋಡ್ತಾವಲ್ಲ" ಎಂದು ನಕ್ಕಳು. "ನೋಡ್ಲಿ ಬಿಡು," ಎಂದಳು ಕುಸುಮಬಾಯಿ. ಗಿಳಿಗಳು ಉಳಿದವು.

ಮುಂದೆ ಮಳೆ ಬಿತ್ತು, ಬೆಳೆ ಬಂತು, ತಡೆದಿದ್ದ ಮದುವೆಗಳು ಒಂದರ ಹಿಂದೆ ಒಂದು ಶುರುವಾದವು. ಎದುರಿಗೆ ನೋಡುವ ಗಿಳಿ ಬೇಕೆಂದು ಉದಗೀರದಿಂದಲೂ ಕರೆ ಬರತೊಡಗಿತು. ಕಟ್ಟಿಗೆ ತಿಕ್ಕುವುದು, ಮೊದಲ ಬಣ್ಣ ಹೊಡೆಯುವುದು, ಕೊನೆಗೆ ವಾರ್ನಿಸ್ ಎಳೆಯುವುದು ಅಂಬಾದಾಸನ ಕೆಲಸವಾಯಿತು. ಗೆರೆಯೆಲ್ಲ ದ್ರೌಪದಿಯದು. ಅವನು ಪ್ಯಾಟೆಯಲ್ಲಿ "ನಮ್ಮ ಕೆಲಸ" ಎನ್ನುತ್ತಿದ್ದ. ಅವಳಿಗೆ ಅದರಲ್ಲಿ ತಕರಾರಿರಲಿಲ್ಲ. ಹೆಂಗಸರು ಹೊಗಳಿದರೆ ಸಂಕೋಚವಾಗುತ್ತಿತ್ತು. ಬಣ್ಣದ ವಾಸನೆಗೆ ಈಗಲೂ ತಲೆ ಹಿಡಿಯುತ್ತಿತ್ತು, ಸಂಜೆಯ ಹೊತ್ತಿಗೆ ಬಲ ಭುಜ ಎತ್ತಲು ಬಾರದಷ್ಟು ಸೆಳೆಯುತ್ತಿತ್ತು. ಇದು ಬಿಟ್ಟರೆ ಖಡಿ ಎಂಬುದನ್ನು ಅವಳು ಮರೆತಿರಲಿಲ್ಲ.

ಹೀಗೇ ಒಂದು ಸಲ ಉದಗೀರದಲ್ಲಿ ಕಪಾಟೊಂದನ್ನು ಮುಗಿಸಿ ಇಬ್ಬರೂ ಬಸ್ಸಿನಲ್ಲಿ ಮರಳುತ್ತಿದ್ದರು. ಸಾಮಾನಿನ ಪೆಟ್ಟಿಗೆ ಅಂಬಾದಾಸನ ತೊಡೆಯ ಮೇಲಿತ್ತು. ದ್ರೌಪದಿ ಕಿಟಕಿಯ ಸರಳಿಗೆ ತಲೆ ಆನಿಸಿದ್ದಳು.

"ಮುಂದಿನ ವಾರ ಉಮರ್ಗಾದಾಗ ಒಂದು ತೊಟ್ಟಿಲ ಅದ," ಎಂದ ಅವನು.

"ಹೂಂ," ಎಂದಳು ಅವಳು, ಕಣ್ಣು ತೆರೆಯದೆ.