ಜೇಬಿನಲ್ಲಿ ಉಳಿದ ಗುಂಡಿ

ಬೀದಿಯವರ ಬಾಯಲ್ಲಿ ಅವಳು ಮಣ್ಣಕ್ಕ. ಹೂಜಿ, ಬಟ್ಟಲು ಮಾಡಿಕೊಂಡಿದ್ದಾಳೆ ಅಂದುಕೊಂಡರೆ ತಪ್ಪು. ಗಾಜಿನ ಚೂರು, ತಾಮ್ರದ ತಂತಿ, ಹರಿದ ಬಟ್ಟೆ, ಕೈಗೆ ಸಿಕ್ಕಿದ್ದೆಲ್ಲ ಮಣ್ಣಿನ ಜೊತೆ ಸೇರಲೇಬೇಕು. "ಏನು ಮಾಡ್ತಿದೀಯ ಅಂತ ನಿನಗಾದ್ರೂ ಗೊತ್ತಾ?" ಎಂದು ಕೇಳಿದರೆ, "ಭಟ್ಟಿ ತೆಗೆದ್ಮೇಲೆ ಹೇಳ್ತೀನಿ" ಎನ್ನುವಳು. ಉಡಾಫೆಯಲ್ಲ, ನಿಜವೇ ಅಷ್ಟು.

ಈ ಸಲ ಮಾತ್ರ ಅವಳಿಗೆ ಭಯವಿತ್ತು. ತೀರಿಹೋದ ಅಮ್ಮ ತನಗೆಂದೇ ಹೆಣೆದುಕೊಂಡಿದ್ದ ಸ್ವೆಟರನ್ನು ಅಕ್ಕನಿಂದ ಆರು ತಿಂಗಳು ಕಾಡಿಬೇಡಿ ತಂದಿದ್ದಳು. ಗಂಜಿಯ ಹಾಗೆ ಕಲಸಿದ ಮಣ್ಣಿನಲ್ಲಿ ಅದನ್ನು ಅದ್ದಿ, ಒಳಗೆ ಹಳೇ ಪೇಪರ್ ತುರುಕಿ, ಒಣಗಿಸಿ ಸುಟ್ಟರೆ ಉಣ್ಣೆ ಉರಿದುಹೋಗುತ್ತದೆ. ಹೆಣಿಗೆಯ ಒಂದೊಂದು ಕುಣಿಕೆಯೂ ಮಣ್ಣಿನಲ್ಲಿ ಉಳಿಯುತ್ತದೆ. ಉಳಿದರೆ. ಇಲ್ಲವಾದರೆ ಅದೂ ಇಲ್ಲ, ಇದೂ ಇಲ್ಲ. ಕೊಡುವಾಗಲೇ ಅಕ್ಕ ಹೇಳಿದ್ದಳು: "ಹಾಳು ಮಾಡಿದ್ಯೋ, ನನ್ನ ಮನೆ ಮೆಟ್ಟಿಲು ಹತ್ತಬೇಡ."

ಕರೆಂಟಿನ ಭಟ್ಟಿ ಹಾಕಿ ಎಂಟು ಗಂಟೆಯಾಗಿತ್ತು. ಸ್ವೆಟರಿನಿಂದ ಕಿತ್ತಿಟ್ಟಿದ್ದ ಹಿತ್ತಾಳೆ ಗುಂಡಿಗಳ ಮೇಲೆ ಕಣ್ಣು ಬಿತ್ತು. ಐದು. ಅಯ್ಯೋ, ಆರನೆಯದು! ಯಾವುದಕ್ಕೂ ಇರಲಿ ಎಂದು ಜೇಬಿನೊಳಗೆ ಒಂದು ಹೆಚ್ಚಿನ ಗುಂಡಿ ಹೊಲಿದಿಡುವುದು ಅಮ್ಮನ ಅಭ್ಯಾಸ. ಆ ಬಿಸಿಗೆ ಹಿತ್ತಾಳೆ ಕರಗಿ ಹರಿದು ತೆಳು ಮಣ್ಣನ್ನು ತಿಂದುಹಾಕಿದರೆ? ನಡುವೆ ಬಾಗಿಲು ತೆಗೆದರಂತೂ ತಣ್ಣನೆ ಗಾಳಿ ತಗುಲಿ ಎಲ್ಲ ಚೂರುಚೂರು. ಇಪ್ಪತ್ತು ವರ್ಷದ ಕಸುಬು, ಜೇಬು ತಡಕುವ ಬುದ್ಧಿ ಬರಲಿಲ್ಲವಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು. ಭಟ್ಟಿ ಆರುವ ತನಕ, ಎರಡು ದಿನ, ಅದರ ಮುಂದಿನಿಂದ ಏಳಲಿಲ್ಲ.

ಮೂರನೆಯ ದಿನ ಬೆಳಗ್ಗೆ ಅಕ್ಕನೂ ಬಂದು ಕೈಕಟ್ಟಿ ನಿಂತಳು. ಮಣ್ಣಕ್ಕ ಅರ್ಧ ಕಣ್ಣು ಮುಚ್ಚಿಕೊಂಡೇ ಬಾಗಿಲು ಎಳೆದಳು.

ಸ್ವೆಟರ್ ನಿಂತಿತ್ತು. ಒಂದೇ ಒಂದು ಬಿರುಕಿಲ್ಲ. ಜೇಬಿನಿಂದ ಕೆಳಕ್ಕೆ ಬೆರಳಗಲದ ಹಸಿರು ಗೆರೆ ಇಳಿದಿತ್ತು, ಅಷ್ಟೇ. ಹೋದ ಜೀವ ಬಂದಂತಾಗಿ ಅವಳು ಅಲ್ಲೇ ನೆಲಕ್ಕೆ ಕುಸಿದು ಕೂತು ನಗುತ್ತಲೇ ಅತ್ತಳು.

"ಇದೇನೇ ಹಸಿರು?"

"ಅಮ್ಮ ಯಾವುದಕ್ಕೂ ಇರಲಿ ಅಂತ ಇಟ್ಟಿದ್ದ ಗುಂಡಿ. ತೆಗೆಯೋದು ಮರೆತೆ ಅಕ್ಕ, ಹಿತ್ತಾಳೆ ಕರಗಿ ಹಸಿರಾಗಿದೆ."

"ಅಂತೂ ಉಪಯೋಗಕ್ಕೆ ಬಂತು ಬಿಡು." ಅಕ್ಕನಿಗೂ ನಗು ತಡೆಯಲಿಲ್ಲ. ಆಮೇಲೆ ತೋಳಿನ ಅಳತೆ ನೋಡಿ ಹುಬ್ಬುಗಂಟಿಕ್ಕಿದಳು. "ಚಿಕ್ಕದಾಗಿಬಿಟ್ಟಿದೆಯಲ್ಲೇ!"

"ಬೆಂದ್ರೆ ಮಣ್ಣು ಕುಗ್ಗುತ್ತೆ."

ಅಕ್ಕ ಬಗ್ಗಿ ಅದನ್ನು ಮೆಲ್ಲಗೆ ಎರಡೂ ಕೈಯಿಂದ ತಬ್ಬಿಕೊಂಡಳು. ಸ್ವಲ್ಪ ಹೊತ್ತು ಬಿಡಲಿಲ್ಲ.

"ಇಲ್ಲ ಕಣೇ, ಅಳತೆ ಸರಿಯಾಗೇ ಇದೆ. ಕೊನೆಕೊನೆಗೆ ಅಮ್ಮ ಇಷ್ಟೇ ಆಗಿದ್ಲು."